ಮುರಿದ ರೋಜಾದ ಋಣ



ರಂಜಾನ್ ತಿಂಗಳು ಬಂತೆಂದರೆ ಮುಂಬಯಿಯ ದಿನಚರಿ ಬದಲಾಗುತ್ತದೆ. ಮಹಮ್ಮದಲಿ ರಸ್ತೆಯಲ್ಲಿ ರಾತ್ರಿ ಹಗಲಾಗುತ್ತದೆ. ಸಂಜೆಯ ಲೋಕಲ್ ರೈಲಿನ ನೂಕುನುಗ್ಗಲಲ್ಲೂ ಯಾರೋ ಒಬ್ಬರು ಖರ್ಜೂರದ ಪೊಟ್ಟಣ ಬಿಚ್ಚುತ್ತಾರೆ, ಪಕ್ಕದವರಿಗೂ ಚಾಚುತ್ತಾರೆ. ಉಪವಾಸ ಹಿಡಿದವರ ಬಗ್ಗೆ ನಾವು ಪ್ರತಿ ವರ್ಷ ಕೇಳುತ್ತೇವೆ, ಓದುತ್ತೇವೆ. ಇಂದು ನಾನು ಮಾತಾಡುವುದು ಉಪವಾಸ ಮುರಿದವರ ಬಗ್ಗೆ.

ಕಾಯಿಲೆಯಿಲ್ಲ. ಪ್ರಯಾಣವಿಲ್ಲ. ಮರೆವೂ ಅಲ್ಲ. ಯಾರ ಬಲವಂತವೂ ಇಲ್ಲ. ಆದರೂ ಒಬ್ಬ ನಡುಹಗಲಲ್ಲಿ ಬೇಕೆಂದೇ ರೋಜಾ, ಅಂದರೆ ಉಪವಾಸ, ಮುರಿದ. ಸಂಜೆಯಾಗುವಷ್ಟರಲ್ಲಿ ಮನಸ್ಸು ಕುಟುಕತೊಡಗಿತು. ಅವನು ಮುಂದೇನು ಮಾಡಬೇಕು?

ಇಸ್ಲಾಮಿನ ಧರ್ಮಶಾಸ್ತ್ರ ಇದಕ್ಕೊಂದು ಪ್ರಾಯಶ್ಚಿತ್ತ ಹೇಳಿದೆ. ಅದರ ಹೆಸರು ಕಫ್ಫಾರ. ನನ್ನ ಇಡೀ ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಕಫ್ಫಾರ ಎಂದರೆ ದುಡ್ಡು ಬಿಸಾಕಿ ಕೈತೊಳೆದುಕೊಳ್ಳುವ ದಂಡವಲ್ಲ. ಹಸಿವಿನಿಂದ ತಪ್ಪಿಸಿಕೊಂಡವನನ್ನು ಅದು ಮತ್ತೆ ಹಸಿವಿನ ಎದುರಿಗೆ ತಂದು ನಿಲ್ಲಿಸುತ್ತದೆ. ಒಂದೋ ತನ್ನ ಹಸಿವು, ಇಲ್ಲವೇ ಬಡವನ ಹಸಿವು.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಹಗಲಲ್ಲಿ ಊಟ ಮಾಡಿದ ಮುಸ್ಲಿಮರೆಲ್ಲ ತಪ್ಪಿತಸ್ಥರಲ್ಲ. ಕುರ್‌ಆನಿನ ಎರಡನೆಯ ಅಧ್ಯಾಯದಲ್ಲೇ ಇದರ ವಿವರಣೆಯಿದೆ. ರೋಗಿಗೆ ವಿನಾಯಿತಿ ಉಂಟು. ಪ್ರಯಾಣಿಕನಿಗೆ ಉಂಟು. ಅವರು ತಪ್ಪಿದ ದಿನಗಳನ್ನು ಮುಂದೆ ಎಣಿಸಿ ತುಂಬಿಕೊಟ್ಟರೆ ಸಾಕು. ಅದಕ್ಕೆ ಖಝಾ ಎನ್ನುತ್ತಾರೆ. ಬಸುರಿ, ಬಾಣಂತಿಯರಿಗೂ ತೊಂದರೆಯಾಗುವಂತಿದ್ದರೆ ಬಿಡಲು ಅನುಮತಿಯಿದೆ. ಮುಟ್ಟಾದ ಹೆಂಗಸು ಉಪವಾಸ ಹಿಡಿಯುವಂತೆಯೇ ಇಲ್ಲ. ಅವಳೂ ಆ ದಿನಗಳನ್ನು ಆಮೇಲೆ ತುಂಬಿಕೊಡುತ್ತಾಳೆ. ತೀರಾ ವಯಸ್ಸಾದವರು, ಗುಣವಾಗದ ಕಾಯಿಲೆಯವರು ದಿನಕ್ಕೊಬ್ಬ ಬಡವನಿಗೆ ಉಣಿಸುತ್ತಾರೆ. ಅದು ಫಿದ್ಯ. ಮರೆತು ಒಂದು ಲೋಟ ನೀರು ಕುಡಿದವನ ಉಪವಾಸ ಮುರಿಯುವುದೇ ಇಲ್ಲ ಎಂದು ಹೆಚ್ಚಿನ ಪಂಥಗಳು ಹೇಳುತ್ತವೆ. ಅಲ್ಲಾಹನೇ ಅವನಿಗೆ ಕುಡಿಸಿದ ಎಂಬುದು ಪ್ರವಾದಿಯವರ ಮಾತಿನ ಭಾವ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಚಾಳುಗಳಲ್ಲಿ, ಒಂದೇ ಕೋಣೆಯ ಮನೆಗಳಲ್ಲಿ, ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳು ಬಾಗಿಲ ಮರೆಯಲ್ಲಿ ನಿಂತು ಗಬಗಬನೆ ಎರಡು ತುತ್ತು ನುಂಗುತ್ತಾರೆ. ಯಾರಾದರೂ ನೋಡಿಯಾರು ಎಂಬ ಅಂಜಿಕೆ. ಸಕ್ಕರೆ ಕಾಯಿಲೆಯ ಟ್ಯಾಕ್ಸಿ ಚಾಲಕ ಗಾಡಿಯೊಳಗೆ ತಲೆ ತಗ್ಗಿಸಿ ಬಿಸ್ಕತ್ತು ತಿನ್ನುತ್ತಾನೆ. ಧರ್ಮ ಇವರಿಗೆ ಕೊಟ್ಟ ಸಲಿಗೆಯನ್ನು ನಾವು ನೆರೆಹೊರೆಯವರು ಕಿತ್ತುಕೊಳ್ಳಬಾರದು. ಯಾಕೆ ತಿನ್ನುತ್ತಿದ್ದೀ ಎಂದು ಕೇಳುವ ಹಕ್ಕು ನಮಗಿಲ್ಲ.

ಇಷ್ಟು ಹೊತ್ತು ಯಾರಿಗೆ ಕಫ್ಫಾರ ಇಲ್ಲ ಎಂದು ನೋಡಿದೆವು. ಇನ್ನು, ಕಫ್ಫಾರ ಎಲ್ಲಿಂದ ಬಂತು ಎಂದು ನೋಡೋಣ.

ಬುಖಾರಿಯವರ ಹದೀಸ್ ಸಂಗ್ರಹದಲ್ಲಿ, ಅಂದರೆ ಪ್ರವಾದಿಯವರ ನಡೆನುಡಿಗಳ ಸಂಗ್ರಹದಲ್ಲಿ, ಒಂದು ಪ್ರಸಂಗವಿದೆ. ಹೇಳಿದವರು ಪ್ರವಾದಿಯವರ ಸಂಗಾತಿ ಅಬೂ ಹುರೈರಾ. ಒಬ್ಬ ಮನುಷ್ಯ ಮದೀನಾದಲ್ಲಿ ಪ್ರವಾದಿ ಮಹಮ್ಮದರ ಬಳಿಗೆ ಓಡಿಬಂದ. ತಾನು ಕೆಟ್ಟೆ ಎಂದ. ಏನಾಯಿತೆಂದು ಕೇಳಿದರು. ರಂಜಾನಿನ ಉಪವಾಸದಲ್ಲಿದ್ದಾಗಲೇ ಹೆಂಡತಿಯನ್ನು ಕೂಡಿದೆ ಎಂದ. ಪ್ರವಾದಿಯವರು ಬೈಯಲಿಲ್ಲ. ಒಂದೊಂದಾಗಿ ಕೇಳುತ್ತ ಹೋದರು. ಒಬ್ಬ ಗುಲಾಮನನ್ನು ಬಿಡುಗಡೆ ಮಾಡಬಲ್ಲೆಯಾ? ಇಲ್ಲ. ಸತತ ಎರಡು ತಿಂಗಳು ಉಪವಾಸ ಹಿಡಿಯಬಲ್ಲೆಯಾ? ಇಲ್ಲ. ಅರವತ್ತು ಬಡವರಿಗೆ ಉಣಿಸಬಲ್ಲೆಯಾ? ಅದೂ ಇಲ್ಲ.

ಅವನು ಅಲ್ಲೇ ಕೂತ. ಅಷ್ಟರಲ್ಲಿ ಯಾರೋ ಒಂದು ಬುಟ್ಟಿ ಖರ್ಜೂರ ತಂದುಕೊಟ್ಟರು. ಪ್ರವಾದಿಯವರು ಅದನ್ನು ಅವನ ಕೈಗೆ ಕೊಟ್ಟು, ಬಡವರಿಗೆ ಹಂಚು ಎಂದರು. ಅವನು ತಡವರಿಸಿದ. ಈ ಊರಿನಲ್ಲಿ ನನಗಿಂತ ಬಡ ಮನೆ ಇನ್ನೊಂದಿಲ್ಲವಲ್ಲ ಎಂದ. ಪ್ರವಾದಿಯವರು ಬಾಯ್ತುಂಬ ನಕ್ಕರು. ಹಾಗಾದರೆ ನಿನ್ನ ಮನೆಯವರಿಗೇ ಉಣಿಸು ಎಂದು ಕಳಿಸಿಕೊಟ್ಟರು.

ಕೇಳುಗರೇ, ತಪ್ಪು ಹೇಳಿಕೊಂಡು ಬಂದವನು ಹೊರಡುವಾಗ ಮನೆಗೊಂದು ಬುಟ್ಟಿ ಹಣ್ಣು ಒಯ್ದ. ಕಾನೂನು ಸಡಿಲವಾಗಲಿಲ್ಲ. ಮೂರು ಮೆಟ್ಟಿಲುಗಳು ಗಟ್ಟಿಯಾಗಿಯೇ ನಿಂತವು. ಆದರೆ ಹತ್ತಲಾರದವನನ್ನು ಅಲ್ಲಿಂದ ತಳ್ಳಲಿಲ್ಲ. ಅವನ ಹೊಣೆ ಅಲ್ಲಿಗೆ ತೀರಿತೇ, ಕೈಗೂಡಿದಾಗ ತೀರಿಸಬೇಕೇ ಎಂದು ಪಂಡಿತರು ಮುಂದೆ ಚರ್ಚಿಸಿದ್ದಾರೆ. ಕೈಗೂಡಿದಾಗ ತೀರಿಸಬೇಕು ಎನ್ನುವವರೇ ಹೆಚ್ಚು. ಅಂತೂ ಅವನು ಬರಿಗೈಯಲ್ಲಿ ಮರಳಲಿಲ್ಲ.

ಪ್ರಸಂಗ ಕೇಳಿದಿರಿ. ಅದರಿಂದ ಮೂರು ಮೆಟ್ಟಿಲು ಸಿಕ್ಕವು: ಗುಲಾಮನ ಬಿಡುಗಡೆ, ಎರಡು ತಿಂಗಳ ಸತತ ಉಪವಾಸ, ಅರವತ್ತು ಬಡವರ ಊಟ. ಈಗ ಈ ಮೆಟ್ಟಿಲುಗಳನ್ನು ಮುಂಬಯಿಯಲ್ಲಿ ನಿಂತು ನೋಡೋಣ.

ಮೊದಲನೆಯದು ಇಂದು ಇಲ್ಲ. ಭಾರತದಲ್ಲಿ ಗುಲಾಮಗಿರಿಗೆ ಇದ್ದ ಕಾನೂನಿನ ಮಾನ್ಯತೆಯನ್ನು 1843ರ ಕಾಯ್ದೆ ತೆಗೆದುಹಾಕಿತು. ಈ ಮೆಟ್ಟಿಲು ಸವೆದುಹೋದದ್ದು ಸಂತೋಷದ ವಿಷಯ. ಹಾಗಾಗಿ ಲೆಕ್ಕ ಎರಡನೆಯದರಿಂದ ಶುರುವಾಗುತ್ತದೆ.

ಎರಡು ತಿಂಗಳ ಸತತ ಉಪವಾಸ. ಹೇಳುವುದು ಸುಲಭ. ಮುರಿದ ಆ ಒಂದು ದಿನದ ಖಝಾ ಬೇರೆ, ಈ ಎರಡು ತಿಂಗಳು ಬೇರೆ. ಸತತ ಎಂದರೆ ಸತತವೇ. ಐವತ್ತು ದಿನ ಮುಗಿಸಿ, ಕಾರಣವಿಲ್ಲದೆ ಒಂದು ದಿನ ಬಿಟ್ಟರೆ ಮತ್ತೆ ಒಂದರಿಂದ ಎಣಿಕೆ. ಹೆಂಗಸರಿಗೆ ಮುಟ್ಟಿನ ದಿನಗಳು ಬಂದರೆ ಸರಣಿ ಕಡಿಯುವುದಿಲ್ಲ. ಮುಗಿದ ಕೂಡಲೇ ಮುಂದುವರಿಸಬೇಕು.

ಇಲ್ಲಿ ಪಂಚಾಂಗ ನೋಡುವ ಕೆಲಸವೂ ಇದೆ. ನಡುವೆ ರಂಜಾನ್ ಬರಬಾರದು. ಈದ್ ಬರಬಾರದು. ಬಕ್ರೀದ್ ಮತ್ತು ಅದರ ಮುಂದಿನ ಮೂರು ದಿನ ಬರಬಾರದು. ಆ ದಿನಗಳಲ್ಲಿ ಕಫ್ಫಾರದ ಉಪವಾಸ ಸಲ್ಲುವುದಿಲ್ಲ. ರಂಜಾನ್ ಈದಿನ ಮರುದಿನವೇ ಶುರುಮಾಡಿದರೆ ಬಕ್ರೀದಿಗೆ ಕೆಲವು ದಿನ ಮೊದಲು ಮುಗಿಯುತ್ತದೆ. ಎರಡು ವಾರ ತಡಮಾಡಿದರೆ ಬಕ್ರೀದ್ ಅಡ್ಡ ಬರುತ್ತದೆ, ಹಿಡಿದದ್ದೆಲ್ಲ ವ್ಯರ್ಥ. ಮುಂಬಯಿಯ ಹಗಲಿನ ಲೆಕ್ಕವೂ ಬೇರೆ ಬೇರೆ. ಡಿಸೆಂಬರಿನಲ್ಲಿ ಉಪವಾಸ ಹನ್ನೆರಡು ಗಂಟೆಗೆ ತುಸು ಹೆಚ್ಚು. ಜೂನಿನಲ್ಲಿ ಹದಿನಾಲ್ಕೂವರೆ ಗಂಟೆಯ ಆಸುಪಾಸು. ಬೆಳಗಿನ ಜಾವ ಎದ್ದು ಉಂಡು, ಮುಂಬ್ರಾದಿಂದಲೋ ಮೀರಾ ರೋಡಿನಿಂದಲೋ ರೈಲು ಹಿಡಿದು, ದಿನವಿಡೀ ದುಡಿದು, ಹೀಗೆ ಎರಡು ತಿಂಗಳು. ಆಗ ಊರಿಗೆ ಊರೇ ಉಪವಾಸವಿರುವುದಿಲ್ಲ. ಇಫ್ತಾರಿನ ಸಂಭ್ರಮವಿಲ್ಲ. ಸುತ್ತ ಎಲ್ಲರೂ ಉಣ್ಣುವಾಗ ಇವನೊಬ್ಬನೇ ಹಸಿದಿರಬೇಕು.

ಎರಡನೆಯ ಮೆಟ್ಟಿಲು ನೋಡಿದೆವು. ಮೂರನೆಯದಕ್ಕೆ ಹೋಗುವ ಮೊದಲು ಒಂದು ಪ್ರಶ್ನೆ. ಯಾವ ತಪ್ಪಿಗೆ ಈ ಕಫ್ಫಾರ? ಇಲ್ಲಿ ಪಂಥಗಳ ನಡುವೆ ಭಿನ್ನಾಭಿಪ್ರಾಯವಿದೆ. ಮುಂಬಯಿಯಲ್ಲಿ ಆ ಪಂಥಗಳೆಲ್ಲ ಒಂದೊಂದು ಗಲ್ಲಿಯ ಅಂತರದಲ್ಲಿವೆ.

ಉತ್ತರ ಭಾರತದಿಂದ ಬಂದವರು, ಮೇಮನರು ಬಹುಪಾಲು ಹನಫಿ ಪಂಥದವರು. ಅವರ ಪ್ರಕಾರ ದಾಂಪತ್ಯ ಸಂಬಂಧದಿಂದ ಮುರಿದರೂ ಕಫ್ಫಾರ, ಬೇಕೆಂದೇ ಉಂಡು ಕುಡಿದು ಮುರಿದರೂ ಕಫ್ಫಾರ. ಆದರೆ ಅಂದು ಉಪವಾಸದ ಸಂಕಲ್ಪವನ್ನೇ ಮಾಡದವನಿಗೆ ಈ ಕಫ್ಫಾರವಿಲ್ಲ. ಅವನಿಗೆ ಖಝಾ ಮತ್ತು ತೌಬಾ, ಅಂದರೆ ಪಶ್ಚಾತ್ತಾಪ. ಹಿಡಿದದ್ದನ್ನು ಕೈಯಾರೆ ಮುರಿದದ್ದಕ್ಕೆ ಕಫ್ಫಾರ.

ಕೊಂಕಣಿ ಮುಸ್ಲಿಮರು ಶಾಫಿಈ ಪಂಥದವರು. ಕ್ರಾಫರ್ಡ್ ಮಾರ್ಕೆಟ್ ಬಳಿಯ ಜುಮ್ಮಾ ಮಸೀದಿ, 1802ರಲ್ಲಿ ಪೂರ್ಣಗೊಂಡದ್ದು, ಹಳೆಯ ಕೆರೆಯೊಂದರ ಮೇಲೆ ಕಲ್ಲಿನ ಕಮಾನುಗಳಲ್ಲಿ ನಿಂತಿರುವುದು, ಆ ಸಮುದಾಯದ ಹಿರಿಮೆ. ನಮ್ಮ ಕರಾವಳಿಯಿಂದ ಮುಂಬಯಿಗೆ ಬಂದ ಬ್ಯಾರಿಗಳೂ ಭಟ್ಕಳದ ನವಾಯತರೂ ಇದೇ ಪಂಥದವರು. ಮಾಹಿಮ್ ದರ್ಗಾದಲ್ಲಿ ಮಲಗಿರುವ ಮಖ್ದೂಮ್ ಅಲಿ ಮಾಹಿಮಿ ಕೂಡ ನವಾಯತರೇ. 1372ರಲ್ಲಿ ಹುಟ್ಟಿ 1431ರಲ್ಲಿ ತೀರಿಕೊಂಡ ಅವರು ಕುರ್‌ಆನಿಗೆ ಅರಬಿಯಲ್ಲಿ ವ್ಯಾಖ್ಯಾನ ಬರೆದ ಮಹಾಪಂಡಿತರು. ಶಾಫಿಈ ಪಂಥದ ಪ್ರಕಾರ ಈ ದೊಡ್ಡ ಕಫ್ಫಾರ ದಾಂಪತ್ಯ ಸಂಬಂಧದಿಂದ ಮುರಿದಾಗ ಮಾತ್ರ, ಅದೂ ಗಂಡನ ಮೇಲೆ. ಉಂಡು ಮುರಿದವನಿಗೆ ಖಝಾ, ತೌಬಾ. ಹಾಗೆಂದು ಅದೇನು ಚಿಕ್ಕ ತಪ್ಪಲ್ಲ. ಊರಿನಲ್ಲಿ ಉಸ್ತಾದರು ಮಕ್ಕಳಿಗೆ ಹೇಳುವುದೇ ಹೀಗೆ: ಕಳೆದುಕೊಂಡ ಒಂದು ನೋಂಬಿಗೆ, ಅಂದರೆ ಉಪವಾಸಕ್ಕೆ, ಸಮನಾದದ್ದು ಇನ್ನೊಂದಿಲ್ಲ.

ಡೋಂಗ್ರಿಯ ಕಡೆ ಬಂದರೆ ನೀಲಿ ಬಿಲ್ಲೆಗಳ ಹೊದಿಕೆಯ ಮೊಘಲ್ ಮಸೀದಿ. 1860ರಲ್ಲಿ ಇರಾನಿ ವರ್ತಕರು ಕಟ್ಟಿಸಿದ್ದು. ಅದು ಶಿಯಾ ಮಸೀದಿ. ಅವರ ಜಾಫರಿ ಪಂಥದಲ್ಲಿ ಉಂಡು ಮುರಿದರೂ ಕಫ್ಫಾರವಿದೆ. ಆದರೆ ಉಪವಾಸವೋ ಊಟ ಹಾಕುವುದೋ ಎಂಬ ಆಯ್ಕೆ ಇದೆ. ಉಪವಾಸದಲ್ಲೂ ಮೊದಲ 31 ದಿನ ಸತತವಾಗಿದ್ದರೆ ಸಾಕು, ಉಳಿದದ್ದನ್ನು ಬಿಡುವು ಕೊಟ್ಟು ತುಂಬಿಸಬಹುದು.

ಪಂಥಗಳು ಭಿನ್ನವಾದರೂ ಒಂದು ವಿಷಯದಲ್ಲಿ ಒಮ್ಮತವಿದೆ. ಕಫ್ಫಾರ ಮಸೀದಿಯ ಗೋಡೆಗೆ ಹೋಗುವುದಿಲ್ಲ. ಮಿನಾರಿಗೆ, ನೆಲಹಾಸಿಗೆ ಅದನ್ನು ಬಳಸುವಂತಿಲ್ಲ. ನಮ್ಮ ಕರಾವಳಿಯಲ್ಲಿ ದೇವಸ್ಥಾನಕ್ಕೆ ತಪ್ಪುಕಾಣಿಕೆ ಹಾಕುವ ಪದ್ಧತಿ ನಿಮಗೆ ಗೊತ್ತು. ಕಫ್ಫಾರದ ಕಾಣಿಕೆಗೆ ಹುಂಡಿಯಿಲ್ಲ. ಅದು ಬಡವನ ಕೈಗೇ ಸೇರಬೇಕು.

ಹೀಗೆ ಯಾವ ಪಂಥಕ್ಕೆ ಯಾವ ನಿಯಮ ಎಂದು ತಿಳಿದೆವು. ಈಗ ಕಠಿಣವಾದ ಪ್ರಶ್ನೆ. ದುಡ್ಡಿದ್ದವನು ಉಪವಾಸ ಬಿಟ್ಟು ನೇರವಾಗಿ ಮೂರನೆಯ ಮೆಟ್ಟಿಲಿಗೆ ಹಾರಬಹುದೇ?

ಹನಫಿ, ಶಾಫಿಈ ಎರಡೂ ಪಂಥಗಳು ಬಾರದು ಎನ್ನುತ್ತವೆ. ಮೆಟ್ಟಿಲುಗಳಿಗೆ ಕ್ರಮವಿದೆ. ಮೈಯಲ್ಲಿ ಶಕ್ತಿಯಿದ್ದವನು ಉಪವಾಸವನ್ನೇ ಹಿಡಿಯಬೇಕು. ಮುಪ್ಪು, ಕಾಯಿಲೆಯಿಂದ ನಿಜಕ್ಕೂ ಆಗದವನಿಗೆ ಮಾತ್ರ ಅರವತ್ತು ಜನರ ಊಟ. ಇಪ್ಪತ್ತೈದರ ಹರೆಯದ ಗಟ್ಟಿಮುಟ್ಟಾದ ಯುವಕ ಎಷ್ಟೇ ದೊಡ್ಡ ಚೆಕ್ ಬರೆದರೂ ಅವನ ಋಣ ತೀರುವುದಿಲ್ಲ.

ಇದರ ಬಗ್ಗೆ ಇತಿಹಾಸದಲ್ಲಿ ಒಂದು ಪ್ರಸಿದ್ಧ ಘಟನೆಯಿದೆ. ಸ್ಪೇನಿನ ಕಾರ್ಡೋಬಾದಲ್ಲಿ 822ರಿಂದ 852ರವರೆಗೆ ಎರಡನೆಯ ಅಬ್ದುರ್ರಹಮಾನ್ ಎಂಬ ದೊರೆ ಆಳಿದ. ರಂಜಾನಿನ ಹಗಲಲ್ಲಿ ಅವನಿಂದಲೂ ಮದೀನಾದ ಆ ಮನುಷ್ಯನದೇ ತಪ್ಪಾಯಿತು. ಪಂಡಿತರನ್ನು ಕರೆಸಿದ. ಯಹ್ಯಾ ಬಿನ್ ಯಹ್ಯಾ ಎಂಬ ಹಿರಿಯ ಪಂಡಿತರು ಮುಂದೆ ಬಂದು, ಎರಡು ತಿಂಗಳು ಸತತ ಉಪವಾಸ ಹಿಡಿ ಎಂದರು. ಉಳಿದವರು ಸುಮ್ಮನಿದ್ದರು. ಹೊರಗೆ ಬಂದ ಮೇಲೆ ಕೇಳಿದರು: ನಮ್ಮ ಮಾಲಿಕಿ ಪಂಥದಲ್ಲಿ ಆಯ್ಕೆಗೆ ಅವಕಾಶವಿತ್ತಲ್ಲ? ಯಹ್ಯಾ ಹೇಳಿದ್ದರ ತಾತ್ಪರ್ಯ ಇಷ್ಟು. ಆ ಬಾಗಿಲು ತೆರೆದರೆ ದೊರೆಗೆ ದಿನವೂ ತಪ್ಪು ಮಾಡುವುದು, ದಿನವೂ ಒಬ್ಬ ಗುಲಾಮನನ್ನು ಬಿಡುವುದು ಸಲೀಸಾಗುತ್ತದೆ. ಅವನಿಗೆ ನಾಟುವುದು ಹಸಿವು ಮಾತ್ರ.

ಮುಂದೆ ಅಲ್-ಗಝಾಲಿಯಂಥ ದೊಡ್ಡ ಪಂಡಿತರು ಈ ತೀರ್ಪನ್ನು ಒಪ್ಪಲಿಲ್ಲ. ಎದುರಿಗಿರುವವನನ್ನು ನೋಡಿ ಶಾಸ್ತ್ರವನ್ನು ಬದಲಿಸಬಾರದು, ಉದ್ದೇಶ ಒಳ್ಳೆಯದಾದರೂ ಬದಲಿಸಬಾರದು ಎಂದರು. ಅವರ ಆಕ್ಷೇಪಣೆ ನ್ಯಾಯವಾದದ್ದೇ. ದೊರೆಗೊಂದು, ಆಳಿಗೊಂದು ಕಾನೂನು ಇರಬಾರದು. ಆದರೂ ಯಹ್ಯಾ ಅವರ ಕಳವಳ ನನ್ನ ಮನಸ್ಸಿನಲ್ಲಿ ಉಳಿದಿದೆ. ಉಳ್ಳವನಿಗೆ ದುಡ್ಡು ಕೊಡುವುದು ನೋವೇ ಅಲ್ಲ. ಮುಂಬಯಿಯಂಥ ಊರಿಗೆ ಈ ಮಾತು ಇಂದಿಗೂ ಬೇಕು.

ಹಾಗಾದರೆ ಶಕ್ತಿಯಿದ್ದವನಿಗೆ ಉಪವಾಸವೇ ದಾರಿ ಎಂದಾಯಿತು. ಇನ್ನು ಉಳಿದದ್ದು ನಿಜಕ್ಕೂ ಉಪವಾಸ ಮಾಡಲಾರದವರ ದಾರಿ: ಅರವತ್ತು ಬಡವರ ಊಟ.

ಮಾಹಿಮ್‌ನಲ್ಲಿ ದರ್ಗಾದ ಆಸುಪಾಸು ನಡೆದಿದ್ದೀರಾ? ಕೆಲವು ಹೋಟೆಲುಗಳ ಮುಂದೆ ಜನ ಸಾಲಾಗಿ ಕುಕ್ಕರುಗಾಲಿನಲ್ಲಿ ಕೂತಿರುತ್ತಾರೆ. ಅಂದಿನ ಕೂಲಿ ಸಿಗದವರು, ಮನೆಯಿಲ್ಲದ ಮುದುಕರು, ಕಂಕುಳಲ್ಲಿ ಕೂಸು ಹೊತ್ತ ತಾಯಂದಿರು. ಅವರು ಯಾರ ಮುಂದೆಯೂ ಕೈಚಾಚುವುದಿಲ್ಲ. ಸುಮ್ಮನೆ ಕಾಯುತ್ತಾರೆ. ದಾರಿಯಲ್ಲಿ ಹೋಗುವವರು ಒಬ್ಬರು ಗಲ್ಲಾದ ಹತ್ತಿರ ನಿಂತು, ಇಷ್ಟು ಜನರಿಗೆ ಎಂದು ಹೇಳಿ ದುಡ್ಡು ಕೊಡುತ್ತಾರೆ. ಹೋಟೆಲಿನವನು ಸಾಲಿನ ತಲೆ ಎಣಿಸಿ ಅಷ್ಟು ಜನರಿಗೆ ರೊಟ್ಟಿ, ಸಾರು ಬಡಿಸುತ್ತಾನೆ. ಕೊಟ್ಟವರು ಆಗಲೇ ಹೊರಟುಹೋಗಿರುತ್ತಾರೆ. ಉಂಡವನಿಗೆ ಕೊಟ್ಟವನ ಮುಖ ಗೊತ್ತಿಲ್ಲ. ಇದು ಈ ನಗರದ ಹೆಮ್ಮೆಯ ಪದ್ಧತಿ.

ಆದರೆ ಕೇಳುಗರೇ, ಇಲ್ಲೊಂದು ಸೂಕ್ಷ್ಮವಿದೆ. ದಾನವಾಗಿ ಇದು ಸರಿ. ಕಫ್ಫಾರವಾಗಿ ಗಲ್ಲಾದಲ್ಲಿ ಅರವತ್ತು ಜನರ ದುಡ್ಡಿಟ್ಟು ಹೊರಟುಬಿಟ್ಟರೆ ಸಾಲದು. ಹನಫಿ ಪಂಥದಲ್ಲಿ ಆ ಅರವತ್ತು ಜನರಿಗೇ ಎರಡು ಹೊತ್ತು ಹೊಟ್ಟೆತುಂಬ ಉಣಿಸಬೇಕು. ಮಧ್ಯಾಹ್ನ ಒಂದು ಅರವತ್ತು, ರಾತ್ರಿ ಬೇರೊಂದು ಅರವತ್ತು ಆದರೆ ಲೆಕ್ಕ ತಪ್ಪಿತು. ಅದಕ್ಕೇ ಅನೇಕರು ತಲೆಗೆ ಒಂದೂವರೆಯಿಂದ ಎರಡು ಕಿಲೋ ಗೋಧಿ ಅಥವಾ ಅದರ ಬೆಲೆ ಕೊಡುತ್ತಾರೆ. ಒಟ್ಟು ತೊಂಬತ್ತರಿಂದ ನೂರಿಪ್ಪತ್ತು ಕಿಲೋ ಆಗುತ್ತದೆ. ಒಬ್ಬನೇ ಬಡವನಿಗೆ ಅರವತ್ತು ದಿನ ಉಣಿಸಿದರೂ ನಡೆಯುತ್ತದೆ. ಆದರೆ ಅರವತ್ತು ದಿನದ್ದನ್ನು ಒಂದೇ ದಿನ ಒಬ್ಬನ ಕೈಗೆ ಹಾಕಿದರೆ ಒಂದು ದಿನದ್ದು ಮಾತ್ರ ಸಂದಾಯ.

ಶಾಫಿಈ ಪಂಥದಲ್ಲಿ ಬೇಯಿಸಿದ ಊಟ ಸಲ್ಲದು. ಧಾನ್ಯವನ್ನೇ ಅಳೆದು ಕೊಡಬೇಕು. ತಲೆಗೆ ಒಂದು ಮುದ್ದ್, ಎಂದರೆ ಮುಕ್ಕಾಲು ಕಿಲೋದೊಳಗೆ. ಕರಾವಳಿಯ ನಮಗೆ ಧಾನ್ಯವೆಂದರೆ ಅಕ್ಕಿ. ಒಟ್ಟು ನಲವತ್ತು ಕಿಲೋ ಸುತ್ತಮುತ್ತ. ಅದು ಅರವತ್ತು ಬೇರೆ ಬೇರೆ ಜನರಿಗೆ ಸೇರಬೇಕು.

ಇಷ್ಟೊಂದು ಎಣಿಕೆ ಯಾಕೆ ಎಂದು ನಿಮಗೆ ಅನಿಸಬಹುದು. ನನಗನಿಸುವುದು ಇದು: ಎಣಿಸಬೇಕಾದರೆ ಹುಡುಕಬೇಕು. ಗೋವಂಡಿಯಲ್ಲೋ ಮಾಲ್ವಣಿಯಲ್ಲೋ ಅರವತ್ತು ಬಡವರನ್ನು ಹುಡುಕಬೇಕಾದರೆ ಅವರ ಬಾಗಿಲಿಗೆ ಹೋಗಬೇಕು. ಬಾಗಿಲಿಗೆ ಹೋದವನಿಗೆ ಒಲೆ ಉರಿಯದ ಮನೆ ಯಾವುದೆಂದು ತಿಳಿಯುತ್ತದೆ. ಮಧ್ಯಾಹ್ನದವರೆಗೆ ಹಸಿವು ತಾಳಲಾರದವನು ದಿನವೂ ಹಸಿದೇ ಇರುವವರನ್ನು ಕಣ್ಣಾರೆ ಕಾಣುತ್ತಾನೆ.

ಲೆಕ್ಕದ ಮಾತು ಮುಗಿಯಿತು. ಕೊನೆಯದಾಗಿ ಮಾನದ ಮಾತು.

ಕಫ್ಫಾರ ಕೇಳಲು ಬರುವವನು ಊರಿಗೆಲ್ಲ ತನ್ನ ತಪ್ಪು ಸಾರಬೇಕಾಗಿಲ್ಲ. ಫತ್ವಾ ಕೇಳುವ ಚೀಟಿಗಳಲ್ಲಿ ಹಳೆಯ ಒಂದು ರೂಢಿಯಿದೆ. ಕೇಳುವವನು ತನ್ನ ಹೆಸರು ಬರೆಯುವುದಿಲ್ಲ. ಜೈದ್ ಎಂಬವನು ಹೀಗೆ ಮಾಡಿದರೆ ವಿಧಿಯೇನು ಎಂದು ಬರೆಯುತ್ತಾನೆ. ಮುಫ್ತಿಯವರು ಜೈದನಿಗೆ ಉತ್ತರ ಬರೆಯುತ್ತಾರೆ. ಎದುರಿಗೆ ಕೂತವನೇ ಜೈದ್ ಎಂದು ಇಬ್ಬರಿಗೂ ಗೊತ್ತಿದ್ದರೂ ಯಾರೂ ಹೇಳುವುದಿಲ್ಲ. ದೇವರು ಮುಚ್ಚಿಟ್ಟ ತಪ್ಪನ್ನು ಮನುಷ್ಯ ಬಿಚ್ಚಿಡಬಾರದು ಎಂಬುದು ಇಸ್ಲಾಮಿನ ನೀತಿ.

ಹೊಸದಾಗಿ ಮದುವೆಯಾದ ಹುಡುಗರಿಗೆ, ಹೆಣ್ಣುಮಕ್ಕಳಿಗೆ ಇದು ತುಂಬ ಮುಖ್ಯ. ನಾಚಿಕೆಯಿಂದ ಕೇಳದೇ ಉಳಿದು ವರ್ಷಗಟ್ಟಲೆ ಒಳಗೊಳಗೇ ಕೊರಗುವವರಿದ್ದಾರೆ. ತಾವು ಕ್ಷಮೆಗೆ ಯೋಗ್ಯರೇ ಅಲ್ಲ ಎಂದುಕೊಂಡು ಉಪವಾಸವನ್ನೇ ಕೈಬಿಟ್ಟವರೂ ಇದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟು. ಪ್ರವಾದಿಯವರ ಬಳಿಗೆ ಓಡಿಬಂದ ಆ ಮನುಷ್ಯ ಕೇಳಿದ್ದರಿಂದಲೇ ನಮಗೆಲ್ಲ ದಾರಿ ಗೊತ್ತಾಯಿತು. ಅವನ ಹೆಸರನ್ನು ಆ ಹದೀಸ್ ಹೇಳುವುದಿಲ್ಲ. ಅವನ ಪ್ರಶ್ನೆ ಮಾತ್ರ ಉಳಿದಿದೆ.

ಒಮ್ಮೆ ಒಟ್ಟಿಗೆ ನೆನಪಿಸಿಕೊಳ್ಳೋಣ. ರೋಗಿ, ಪ್ರಯಾಣಿಕ, ಬಸುರಿ, ಬಾಣಂತಿ, ಮುಟ್ಟಾದವರಿಗೆ ಕಫ್ಫಾರವಿಲ್ಲ. ಬೇಕೆಂದೇ ಮುರಿದವನಿಗೆ ಅವನವನ ಪಂಥದ ವಿಧಿಯಿದೆ. ಹನಫಿ, ಶಾಫಿಈಗಳಲ್ಲಿ ಶಕ್ತಿಯಿದ್ದರೆ ಎರಡು ತಿಂಗಳ ಸತತ ಉಪವಾಸ, ಇಲ್ಲವಾದರೆ ಅರವತ್ತು ಬಡವರಿಗೆ ಅನ್ನ. ಜೊತೆಗೆ ಆ ದಿನದ ಖಝಾ, ಮನಸ್ಸಿನ ತೌಬಾ.

ಋಣ ಉಳಿದಿದೆ ಎಂದು ಅನಿಸುವವರು ಇನ್ನೂ ತಡಮಾಡಬೇಡಿ. ನಿಮ್ಮ ಪಂಥ ಬಲ್ಲ, ನಿಮ್ಮ ಗುಟ್ಟು ಕಾಯುವ ಒಬ್ಬ ವಿದ್ವಾಂಸರನ್ನು ಕೇಳಿ. ಪಂಚಾಂಗ ತೆರೆದು, ಎರಡು ಈದುಗಳನ್ನು ತಪ್ಪಿಸಿ, ದಿನ ಗೊತ್ತುಮಾಡಿ. ಮೈಯಲ್ಲಿ ಶಕ್ತಿಯಿದ್ದರೆ ದುಡ್ಡಿನ ಬಾಗಿಲು ಹುಡುಕಬೇಡಿ. ಶಕ್ತಿಯಿಲ್ಲದವರು ಅಕ್ಕಿ ಗೋಧಿಯನ್ನು ಆದಷ್ಟು ಸ್ವಂತ ಕೈಯಿಂದ ಅಳೆದು ಕೊಡಿ. ಮನೆಯವರೇ, ನೆರೆಯವರೇ, ಅವರು ಯಾಕೆ ಉಪವಾಸವಿದ್ದಾರೆ, ಯಾಕೆ ಅಕ್ಕಿ ಹಂಚುತ್ತಿದ್ದಾರೆ ಎಂದು ಕೆದಕಬೇಡಿ. ಕೈಲಾದರೆ ಬೆಳಗಿನ ಜಾವ ಎದ್ದು ಅವರಿಗೊಂದು ತಟ್ಟೆ ಊಟ ಬಿಸಿಮಾಡಿ ಕೊಡಿ.